ನಾಲ್ಕನೇ ದಿನದ ಉತ್ತರ

ಗುಂಡಿಯೊಳಗೆ ನಿಂತು ಅಂಚು ಕೆತ್ತುತ್ತಿದ್ದ ನಿಂಗಯ್ಯ ಗುದ್ದಲಿಯನ್ನು ಮೇಲಕ್ಕೆಸೆದು, "ಆಯ್ತು ಕಣ್ಲಾ ಮಧು. ಇಳ್ಸೋದೇಯಾ?" ಎಂದ.

"ಇನ್ನೊಂದ್ ಹತ್ ನಿಮಿಷ ತಡಿ. ತಹಶೀಲ್ದಾರ್ ಮೇಡಂ ಬತ್ತಾವ್ರೆ," ಎಂದ ಮಧುಕುಮಾರ್. ಸತ್ತ ಗಂಗಾಧರಪ್ಪ ಮೇಷ್ಟ್ರಿಗೆ ಅವನು ತಮ್ಮನ ಮಗ. ಬೆಳಗ್ಗೆ ಸಾವಿನ ಸುದ್ದಿಯ ಜೊತೆಗೆ ಗುಂಡಿಯ ಫೋಟೊ, ಲೊಕೇಶನ್ ಎಲ್ಲ ಮೇಡಂಗೆ ಕಳಿಸಿದವನೂ ಅವನೇ.

"ಎರಡ್ ಗಂಟೆಯಿಂದ ಅದೇ ಹತ್ ನಿಮಿಷ ಹೇಳ್ತಾ ಇದೀಯ. ಈ ಬಿಸ್ಲಿಗೆ ಹೆಣ ಕಾಯ್ತದಾ?"

"ದೊಡ್ಡಪ್ಪ ಅರಸೀಕೆರೇಲಿ ಮೂವತ್ತು ವರ್ಷ ಕೆ.ಎ.ಎಸ್. ಪಾಠ ಮಾಡವ್ರೆ. ಜೀಪಲ್ಲಿ ಬರೋ ಶಿಷ್ಯೆ ಇವಳೊಬ್ಳೇ ಕಣಯ್ಯ. ನಮ್ ಹಗರೆ ಊರೋರೆಲ್ಲ ನೋಡ್ಲಿ!"

ರಂಗಮ್ಮ ಗಂಡನ ಮುಖದ ಮೇಲಿನ ನೊಣ ಓಡಿಸುತ್ತ ಕೂತಿದ್ದರು. ಗುಂಡಿಯ ಪಕ್ಕದಲ್ಲೇ, ಹನ್ನೊಂದು ವರ್ಷದ ಹಿಂದೆ ಮಣ್ಣಾದ ಮಗಳ ದಿಬ್ಬ. "ಅವಳ ಪಕ್ಕಾನೇ ಇಡೇ" ಎಂಬುದೇ ಗಂಡನ ಕೊನೇ ಮಾತು.

"ಬರ್ಲಿ ಬಿಡ್ರೋ. ಆ ಹುಡುಗಿಗೆ ಆರ್ ತಿಂಗ್ಳು ನಾನೇ ಮುದ್ದೆ ಹಾಕಿವ್ನಿ," ಎಂದರು.

*

ಮೇಷ್ಟ್ರ ತರಗತಿಯಲ್ಲಿ ಹುಡುಗರು ಪರೀಕ್ಷೆಗಿಂತ ಅಣಕು ಸಂದರ್ಶನಕ್ಕೆ ಹೆದರುತ್ತಿದ್ದರು. ಮೂರು ಸಲ ನಿಜವಾದ ಸಂದರ್ಶನದಲ್ಲಿ ಸೋತು ಬಂದ ಮನುಷ್ಯ, ಆ ಸೇಡನ್ನು ನಮ್ಮ ಮೇಲೆ ತೀರಿಸಿಕೊಳ್ತಾರೆ ಎಂದು ಬೆನ್ನ ಹಿಂದೆ ಆಡಿಕೊಳ್ಳುವುದೂ ಇತ್ತು.

"ಸರ್ಕಾರಿ ಜಾಗದಲ್ಲಿ ಹೆಣ ಹೂಳ್ತಾ ಇದಾರೆ. ಸತ್ತವರು ನಿನಗೆ ಅನ್ನ ಹಾಕಿದೋರು. ಏನ್ ಮಾಡ್ತೀಯಮ್ಮ?"

ಉತ್ತರಿಸಬೇಕಾದವಳು ಮೇಷ್ಟ್ರ ಮನೆಯಲ್ಲೇ ಉಣ್ಣುತ್ತಿದ್ದ ಹೇಮಾಶ್ರೀ. "ಹೂಳೋಕೆ ಬಿಡ್ತೀನಿ ಸಾರ್. ಆಮೇಲೆ..."

"ಸೊನ್ನೆ! ಆಚೆ ಹೋಗಿ ನಿಂತ್ಕೋ. ಕರುಣೆ ತೋರ್ಸೋದಾದ್ರೆ ಊರಿಗೆ ಹೋಗಿ ಎಮ್ಮೆ ಸಾಕು."

ಮೂರು ದಿನ ಮೆಟ್ಟಿಲ ಮೇಲೆ ನಿಲ್ಲಿಸಿದರು. ದಿನಾ ಅದೇ ಪ್ರಶ್ನೆ. ನಾಲ್ಕನೇ ದಿನ ಅವಳು ಕಣ್ಣು ಮಿಟುಕಿಸದೆ, "ನಿಲ್ಲಿಸ್ತೀನಿ ಸಾರ್. ಗುಂಡಿ ಮುಚ್ಚಿಸಿ ಪಂಚನಾಮೆ ಬರೆಸ್ತೀನಿ," ಎಂದಳು.

ಮೇಷ್ಟ್ರು ಅವತ್ತು ಎಲ್ಲರಿಗೂ ಬೋಂಡ ತರಿಸಿದರು.

*

ಬೇಲೂರಿನ ಕಡೆಯಿಂದ ಜೀಪು ಬಂತು. ಹೇಮಾಶ್ರೀ ಚಪ್ಪಲಿ ಬಿಟ್ಟು ನಡೆದು ಬಂದು, ಹಾರ ಹಾಕಿ, ಮೇಷ್ಟ್ರ ಕಾಲಿಗೆ ಹಣೆ ಹಚ್ಚಿದಳು. ಏಳಲು ತುಸು ತಡವಾಯಿತು. ಮಧುಕುಮಾರ್ ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿದ.

"ಇದು ಗೋಮಾಳ," ಎಂದಳು ಅವಳು ಎದ್ದು. "ಹೋದ ತಿಂಗಳು ಹಾಸ್ಟೆಲಿಗೆ ಮಂಜೂರಾಗಿದೆ. ಇಲ್ಲಿ ಮಣ್ಣು ಮಾಡೋ ಹಾಗಿಲ್ಲ. ಸ್ಮಶಾನಕ್ಕೆ ಒಯ್ಯಿರಿ."

"ಮೇಡಂ, ಅವ್ರ ಮಗಳು ಇಲ್ಲೇ..."

"ಗೊತ್ತು."

ರಂಗಮ್ಮ ಅವಳ ಸೆರಗು ಹಿಡಿದರು. "ನೀನ್ ಬರ್ಲಿ ಅಂತಾನೇ ಕಾದ್ವಲ್ಲೇ ತಾಯಿ! ನೋಡ್ಲಿಲ್ಲ ಅಂದ್ಕೊಂಡು ಹೋಗ್ಬಿಡು."

"ಫೋಟೊ ಕಳಿಸಿದೀರಲ್ಲಮ್ಮ. ನೋಡಿದೀನಿ." ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಏನ್ಲಾ ಮಧು," ಎಂದ ನಿಂಗಯ್ಯ, "ಹಗರೆಯೋರೆಲ್ಲ ನೋಡಿದ್ರಾ?"

ಜೀಪಿನಲ್ಲಿ ಬಂದಿದ್ದ ಗುಮಾಸ್ತ ಬಾನೆಟ್ಟಿನ ಮೇಲೆ ಕಾಗದವಿಟ್ಟು ಪಂಚನಾಮೆ ಬರೆದ. ಸಾಕ್ಷಿ ಎಂದು ಮಧುಕುಮಾರನೇ ಸಹಿ ಹಾಕಿದ. ಚಟ್ಟ ಎದ್ದು ಸ್ಮಶಾನದ ದಾರಿ ಹಿಡಿಯಿತು. ರಂಗಮ್ಮ ಮಾತ್ರ ಮಗಳ ದಿಬ್ಬ ಬಿಟ್ಟು ಏಳಲಿಲ್ಲ.

ನಿಂಗಯ್ಯ ತೆಗೆದ ಮಣ್ಣನ್ನೆಲ್ಲ ಹಿಂದಕ್ಕೆಳೆದು, ಗುಂಡಿ ತುಂಬಿಸಿ ತುಳಿದ. ಒಳಗೆ ಯಾರೂ ಇರಲಿಲ್ಲವಲ್ಲ, ದಿಬ್ಬ ಏಳಲಿಲ್ಲ. ಮಣ್ಣು ನೆಲದ ಸಮಕ್ಕೆ ನಿಂತಿತು.