ಗೀರಿಲ್ಲದ ಬೀಗ

ಆ ಕಬ್ಬಿಣದ ಕಪಾಟಿನ ಬೀಗ ತೆಗೆಯಲು ನನಗೆ ಅರ್ಧ ನಿಮಿಷವೂ ಬೇಡ, ಒಂದು ತಂತಿ ಸಾಕು, ಪೊಲೀಸ್ ಠಾಣೆಯಲ್ಲೇ ಇಂಥ ಬೀಗ, ಯಾರಿಗೆ ಹೇಳೋಣ — ನನ್ನ ಮುಂದೆ ಇನ್ನೂ ಮೂವರಿದ್ದಾರೆ, ಬೆಂಚಿನ ಒಂದು ಕಾಲು ಗಿಡ್ಡ, ಪಕ್ಕದವನು ಮಿಸುಕಿದಾಗಲೆಲ್ಲ ನಾನೂ ಅಲ್ಲಾಡುತ್ತೇನೆ, ಕೈಯಲ್ಲಿರುವ ದೂರಿನ ಹಾಳೆ ಬೆವರಿಗೆ ಮೆತ್ತಗಾಗಿದೆ, ಹೆಂಡತಿ ಹೇಳಿ ಬರೆಸಿದ್ದು, ನಿನ್ನೆ ಬೆಳಿಗ್ಗೆ ನಾನು ಅಂಗಡಿಯಲ್ಲಿ, ಅವಳು ಕಣ್ಣಿನ ಆಸ್ಪತ್ರೆಯಲ್ಲಿ ಇದ್ದಾಗ ಒಂದು ಎರಡೆಳೆ ಸರ, ನಾಲ್ಕು ಬಳೆ ಕಳುವಾಗಿವೆ, ಬಾಗಿಲ ಬೀಗ ಹಾಕಿದಂತೆಯೇ ಇತ್ತು. ಹಾಕಿದಂತೆಯೇ ಇತ್ತು! ಮೂವತ್ತು ವರ್ಷ ಬೀಗ ಮಾಡಿ, ಅಂಗಡಿಯ ಬೋರ್ಡಿನ ಮೇಲೆ ನಮ್ಮ ಬೀಗ ನಮ್ಮ ಕೀಲಿಗೆ ಮಾತ್ರ ಎಂದು ದಪ್ಪಕ್ಷರದಲ್ಲಿ ಬರೆಸಿದವನ ಮನೆಯೇ — ಎದುರಂಗಡಿಯ ಟೈಲರ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ನಗಲಿ, ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ದೂರು ಕೊಟ್ಟು ಎದ್ದು ಹೋಗುತ್ತಿದ್ದೆ.

ಎಷ್ಟು ಜನರಿಗೆ ಬುದ್ಧಿ ಹೇಳಿಲ್ಲ ನಾನು, ಕಳ್ಳತನವಾದ ಮನೆಯವರು ಮೊದಲು ಬರುವುದು ಠಾಣೆಗಲ್ಲ, ನನ್ನ ಹತ್ತಿರ, ಕೀಲಿ ಕಳೆದುಹೋಯ್ತು ಬೇರೆ ಬೀಗ ಹಾಕ್ಕೊಡಿ ಅನ್ನುತ್ತಾರೆ, ಹೋಗಿ ನೋಡಿದರೆ ಚೌಕಟ್ಟೇ ಸೀಳಿರುತ್ತದೆ, ಕಂಪ್ಲೇಂಟ್ ಕೊಡ್ರೀ ಅಂದರೆ ಲಾಂಡ್ರಿಯವನು, ಆರು ತಿಂಗಳು ಅಲೀಬೇಕು, ಅಂಗಡಿ ಯಾರು ನೋಡ್ಕೋತಾರೆ, ಎಂದ, ಆ ನಿವೃತ್ತ ನರ್ಸಮ್ಮ, ಬೇಡಪ್ಪಾ, ಮೊಮ್ಮಗನಿಗೆ ಇನ್ನೂ ಇಪ್ಪತ್ತು ವರ್ಷ, ಎಂದು ಗೋಡೆಯ ಕಡೆ ತಿರುಗಿ ನಿಂತಳು, ನಿಮ್ಮಂಥವರಿಂದಲೇ ಕಳ್ಳರು ಕೊಬ್ಬೋದು ಎಂದು ಆಕೆಗೆ ಭಾಷಣ ಬಿಗಿದೆನಲ್ಲ, ದೊಡ್ಡ ಮನುಷ್ಯ ನಾನು. ನಿನ್ನೆ ಹೆಂಡತಿ ಒಳಗೆ ಬೊಬ್ಬೆ ಹೊಡೆಯುತ್ತಿದ್ದಳು, ನಾನು ಬಾಗಿಲ ಬಳಿ ಬಗ್ಗಿ ನೋಡುತ್ತಿದ್ದೆ, ಒಂದು ಗೀರಿಲ್ಲ, ತೆಗೆದು, ತಿರುಗಿ ಹಾಕಿ ಹೋಗಿದ್ದಾರೆ, ಕೀಲಿ ತೂತಿನ ತುದಿಯಲ್ಲಿ ಒಂದು ಹನಿ ಎಣ್ಣೆ, ಅಂಚು ಒರೆಸಿದ್ದು, ಜಾರದೆ ನಿಂತದ್ದು — ಬೇರೆಯವರ ಬೀಗ ತೆಗೆದ್ರೆ ಹಾಗೇ ಬರಬಾರ್ದು ಮಗಳೇ, ತಿರುಗಿ ಹಾಕಿ ಒಂದು ಹನಿ ಎಣ್ಣೆ ಬಿಟ್ಟು ಬರ್ಬೇಕು, ಅದಕ್ಕೂ ನೋವಾಗಿರುತ್ತೆ. ನಾನೇ ಹೇಳಿಕೊಟ್ಟದ್ದು. ಹಾಗೆ ಮಾಡುವವರು ಈ ಊರಿನಲ್ಲಿ ಇಬ್ಬರೇ, ಒಬ್ಬ ನಾನು. ಹೆಂಡತಿ ಬರುವಷ್ಟರಲ್ಲಿ ಹೆಬ್ಬೆರಳಿನಿಂದ ಒರೆಸಿಬಿಟ್ಟೆ. ಸಿಕ್ಕಿದ್ರೆ ಆ ಕೈ ಮುರೀಬೇಕು ನೋಡಿ, ಅಂದಳು. ಆ ಕೈಯ ತೋರುಬೆರಳಿನ ಮೇಲೆ ಕೀಲಿ ಉಜ್ಜುವ ಅರ ತಾಗಿದ ಗಾಯದ ಗುರುತಿದೆ, ಆ ದಿನ ಬಟ್ಟೆ ಕಟ್ಟಿದವಳು ಇವಳೇ.

ಬೋರ್ಡಿನ ಮೇಲೆ ನನ್ನ ಹೆಸರೂ ಬರೆಸಿ ಅಪ್ಪಾ ಎಂದು ಕೇಳಿದ್ದಳು, ಅಷ್ಟೇ, ಹುಡುಗಿ ಮಾಡಿದ ಬೀಗ ಅಂದ್ರೆ ಯಾರು ತಗೋತಾರೆ ಅಂದೆ, ಅರ್ಧ ಬೀಗ ಅವಳೇ ಮಾಡುತ್ತಿದ್ದಳು, ಹಾಗಾದ್ರೆ ನಿಮಗೆ ನನ್ನ ಕೈ ಮಾತ್ರ ಬೇಕು ಎಂದು ಮನೆ ಬಿಟ್ಟು ಹೊರಟಳು, ಹೋದವಳ ಮೇಲಿನ ಸಿಟ್ಟಿಗೆ ಅದೇ ವಾರ ಮನೆಗೆ ಹೊಸ ಬೀಗ ಮಾಡಿ ಹಾಕಿದೆ, ಅವಳಿಗೂ ತೆಗೆಯಲು ಬರಬಾರದು ಅಂಥದ್ದು, ಒಳಗೆ ಏಳು ಲಿವರಿನದು, ಎರಡು ವರ್ಷವಾಯಿತು. ಹೋದ ತಿಂಗಳು ಫೋನ್ ಮಾಡಿ, ಅಪ್ಪಾ ಐದೇ ನಿಮಿಷ, ನಮ್ಮನೆಯವರು ಆಸ್ಪತ್ರೆಲಿದಾರೆ, ಅಂದಳು, ನಾನು ಗಿರಾಕಿ ಇದ್ದಾರೆ ಎಂದು ಇಟ್ಟೆ, ಯಾವ ಗಿರಾಕಿಯೂ ಇರಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಕೊಡುತ್ತಿರಲಿಲ್ಲ, ಸುಳ್ಳೇಕೆ. ಏಳು ಲಿವರು, ಒಂದು ಗೀರಿಲ್ಲದೆ, ಹಗಲು ಹೊತ್ತಿನಲ್ಲಿ, ಎಂಥ ಕೈ ಅದು, ಥೂ, ನನಗೆ ಹೆಮ್ಮೆ ಬೇರೆ! ಎಣ್ಣೆಯನ್ನು ಅಭ್ಯಾಸಬಲದಿಂದ ಬಿಟ್ಟಳೋ, ನನಗೆ ಗೊತ್ತಾಗಲಿ ಎಂದೇ ಬಿಟ್ಟಳೋ — ಏನ್ರೀ, ನಿಮ್ಮನ್ನೇ, ಬನ್ನಿ ಮುಂದೆ, ಏನಾಯ್ತು? ಹಾಳೆ ಜೇಬಿಗೆ ಹೋಗಿದೆ, ನನಗೆ ತಿಳಿಯದಂತೆ. ಕೀಲಿ ಕಳೆದುಹೋಗಿದೆ ಸಾರ್. ಕೀಲಿ ಕಳೆದ್ರೆ ಇಲ್ಲಿಗ್ಯಾಕ್ರೀ ಬಂದ್ರಿ, ಬೀಗದ ಅಂಗಡಿಗೆ ಹೋಗಿ, ಎಂದು ಪೇದೆ ನಗುತ್ತಾನೆ, ಬೆಂಚಿನವರೂ ನಗುತ್ತಾರೆ, ಹೌದು, ಹೋಗುತ್ತೇನೆ, ಹೆಂಡತಿಗೆ ದೂರು ಕೊಟ್ಟು ಬಂದೆ ಅನ್ನಬೇಕು, ಅವಳು ಪ್ರತಿದಿನ ಸಿಕ್ಕಿದ್ನಾ ಸಿಕ್ಕಿದ್ನಾ ಎಂದು ತಲೆ ತಿನ್ನುತ್ತಾಳೆ, ನಾನು ಪ್ರತಿದಿನ ಆ ಬೀಗಕ್ಕೆ ಬಗ್ಗಬೇಕು, ಮೂರು ಸಲ ಸೋಪು ಹಾಕಿ ತೊಳೆದರೂ ಹೆಬ್ಬೆರಳಿನಲ್ಲಿ ಅದೇ ವಾಸನೆ, ಒರೆಸಿದೆನಲ್ಲ, ಒರೆಸಿದೆ, ಆದರೂ ಅಲ್ಲೇ ಇದೆ, ತೂತಿನ ತುದಿಯಲ್ಲಿ, ಜಾರದೆ, ಒಂದು ಹನಿ