ನಾಲ್ಕನೇ ಜ್ವರ

“ಥೂ ನಿನ್ನ, ರಜಗಳ್ಳ ಬೋಳಿಮಗನೆ. ಎತ್ಗೆ ರಜ ಐತೇನ್ಲಾ? ಇವತ್ತು ಬಾನುವಾರ, ನೊಗ ಒರಕಿಲ್ಲ ಅಂತದಾ ಎತ್ತು? ಬಗ್ಗಿ ಅಗಿಯೋ.”

ತನ್ನ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೊಡೆ ಬಿಚ್ಚಿ ನಿಂತ ಕೆಂಪನಂಜಪ್ಪ ಹೀಗೆ ಬೈಯುತ್ತಿದ್ದ. ಕೆಳಗೆ ಗುದ್ದಲಿ ಹಿಡಿದು ಬಗ್ಗಿದ್ದವನು ಊರಿನ ಬೋರ್ಡು ಸ್ಕೂಲಿಗೆ ಇದ್ದ ಒಬ್ಬನೇ ಮೇಷ್ಟ್ರು ಚಿಕ್ಕಮಾದಯ್ಯ. ಹೊಲಗೇರಿಯಲ್ಲಿ ಅಕ್ಷರ ಕಲಿತ ಮೊದಲನೆಯವನು. ಸ್ಕೂಲಿದ್ದ ದಿನ ಅವನು ಮಕ್ಕಳಿಗೆ ಪಾಠ ಹೇಳುತ್ತಿದ್ದ, ರಜೆಯ ದಿನ ಬದುವಿನ ಮೇಲಿಂದ ತಾನೇ ಹೇಳಿಸಿಕೊಳ್ಳುತ್ತಿದ್ದ.

ಮೇಷ್ಟ್ರ ಕೆಲಸವೆಂದರೆ ಕೂತು ಉಣ್ಣುವುದು ಎಂಬುದರಲ್ಲಿ ಆ ಊರಿನ ಯಾರಿಗೂ ಅನುಮಾನವಿರಲಿಲ್ಲ. ಜನಗಣತಿ ಬಂದರೆ ಮನೆ ಮನೆ ಅಲೆಯುವವನು ಅವನೇ. ಸಿಡುಬಿನ ಸೂಜಿಯವರು ಬಂದರೆ ಒದ್ದಾಡುವ ಮಕ್ಕಳನ್ನು ಹಿಡಿದು ಒದೆ ತಿನ್ನುವವನೂ ಅವನೇ. ಆದರೂ ಕೂತು ಉಣ್ಣುವವನು. ಆಗ ಈ ಊರೂ ಕೊಳ್ಳೇಗಾಲವೂ ಮದರಾಸು ಸರ್ಕಾರದವು, ಗಡಿಯಾಚೆಯ ಅಗರ ಮೈಸೂರಿನದು. ಮೈಸೂರಿನವರು ದಸರೆಗೆ ಉದ್ದ ರಜೆ ಕೊಟ್ಟರೂ ಈ ಊರಿನವರು ಚಿಕ್ಕಮಾದಯ್ಯನನ್ನೇ ಬೈಯುತ್ತಿದ್ದರು, ಮದರಾಸಿನವರು ಪೊಂಗಲಿಗೆ ಕೊಟ್ಟರೂ ಅವನನ್ನೇ ಬೈಯುತ್ತಿದ್ದರು. ಎರಡು ಸರ್ಕಾರಗಳ ರಜೆಗೂ ಒಬ್ಬನೇ ಹೊಣೆಗಾರ.

ಈ ಸಲದ ರಜೆಯನ್ನಂತೂ ಅವನು ಕೇಳಿದ್ದೇ ಅಲ್ಲ. ಸ್ಕೂಲು ನಡೆಯುತ್ತಿದ್ದದ್ದು ಕೆಂಪನಂಜಪ್ಪನ ಹಳೆಯ ಕೊಟ್ಟಿಗೆಯಲ್ಲಿ. ಜಿಲ್ಲಾ ಬೋರ್ಡಿನವರು ಅದಕ್ಕೆ ಬಾಡಿಗೆ ಕಟ್ಟುತ್ತಿದ್ದರು. ರೇಷ್ಮೆ ಹುಳ ಬೆಳೆದು ಮನೆಯೊಳಗೆ ಜಾಗ ಸಾಲದಾದಾಗ ಕೆಂಪನಂಜಪ್ಪ ಮಕ್ಕಳನ್ನು ಎಬ್ಬಿಸಿ ಓಡಿಸಿ, ನೆಲ ಸಾರಿಸಿ, ಹುಳದ ತಟ್ಟೆಗಳನ್ನು ತಂದು ಅಲ್ಲಿ ಜೋಡಿಸಿದ. ಮೇಷ್ಟ್ರು ಹೊಸಿಲು ದಾಟಿದರೆ ಹುಳಕ್ಕೆ ಮೈಲಿಗೆ ಅಂತಲೂ ಸಾರಿದ. ಆಮೇಲೆ ಬೀದಿಯಲ್ಲಿ ಸಿಕ್ಕವರಿಗೆಲ್ಲ, “ನೋಡ್ರಪ್ಪ, ಮೇಷ್ಟ್ರು ಮತ್ತೆ ರಜ ಒಡ್ದವ್ನೆ,” ಅಂದ.

ಚಿಕ್ಕಮಾದಯ್ಯ ಗುದ್ದಲಿ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿದ. ಬೆಳಿಗ್ಗೆಯಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದ.

“ಬುದ್ದಿ, ನಾಳೆ ಕೊಳ್ಳೇಗಾಲದಲ್ಲಿ ಟ್ರೈನಿಂಗು. ಓಗ್ನಿಲ್ಲ ಅಂದ್ರೆ ಕೆಲ್ಸದಿಂದ ತಗದಾಕ್ತರೆ.”

“ಟ್ರೈನಿಂಗಾ? ಕೊಳ್ಳೇಗಾಲಕ್ಕೆ ಟ್ರೈನೇ ಇಲ್ವಲ್ಲೋ ಮಾದ. ಯಾವ್ ಟ್ರೈನ್ ಅತ್ತೀಯ?”

“ಅತ್ತೋ ಟ್ರೈನಲ್ಲ ಬುದ್ದಿ. ಪಾಟ ಎಂಗೆ ಯೋಳ್ಕೊಡದು ಅಂತ ಕಲುಸ್ತರೆ.”

“ಓಹೋ. ಇಷ್ಟು ದಿವ್ಸ ಗೊತ್ತಿಲ್ದಲೇ ಯೋಳ್ಕೊಡ್ತಿದ್ಯಾ?” ಕೆಂಪನಂಜಪ್ಪ ಕೊಡೆ ಅಲ್ಲಾಡುವಂತೆ ನಕ್ಕ. ನಗು ಮುಗಿದ ಮೇಲೆ ದನಿ ಬದಲಾಯಿಸಿದ. “ನೋಡು, ಉಳ ನಾಲ್ಕನೇ ಜ್ವರಕ್ಕೆ ಕುಂತವೆ. ನಾಳೆ ಎದ್ದೇಳ್ತವೆ. ಎದ್ದೇಟ್ಗೆ ಸೊಪ್ಪಿಲ್ದಿದ್ರೆ ನನ್ನ ಬೆಳೆ ಮಣ್ಣು. ನಿಮ್ ಕೇರಿ ಪೂರಾ ಸೊಪ್ಪಿಗೆ ಬರ್ಬೇಕು, ಮುಂದ್ಗಡೆ ನೀನಿರ್ಬೇಕು. ಟ್ರೈನು ಗೀನು ಅಂತ ಓದ್ಯೋ, ಗುಡ್ಲು ಇರಕಿಲ್ಲ. ಜಾಗ ನಂದು.”

ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಕದಲದೆ ಕೂತು ಪೊರೆ ಕಳಚುತ್ತದೆ. ಆ ಸೀಮೆಯವರು ಅದನ್ನು ಜ್ವರ ಅನ್ನುತ್ತಾರೆ. ಹುಳ ಜ್ವರಕ್ಕೆ ಕೂತಿದೆಯೆಂದರೆ ಮನೆಯಲ್ಲಿ ಯಾರೂ ದನಿ ಎತ್ತುವಂತಿಲ್ಲ, ತಟ್ಟೆ ಅಲುಗುವಂತಿಲ್ಲ. ಹಿಂದಿನ ತಿಂಗಳು ಚಿಕ್ಕಮಾದಯ್ಯನಿಗೆ ನಿಜವಾದ ಜ್ವರ ಬಂದಿತ್ತು. ಕಂಬಳಿ ಹೊದ್ದು ಮಲಗಿದ್ದವನನ್ನು ಇದೇ ಕೆಂಪನಂಜಪ್ಪ ಆಳು ಕಳಿಸಿ ಎಬ್ಬಿಸಿ ಸ್ಕೂಲಿಗೆ ಅಟ್ಟಿದ್ದ. ಮೇಷ್ಟ್ರಿಗೆಂಥ ಜ್ವರ ಅಂದಿದ್ದ.

ಹುಳಕ್ಕೆ ಜ್ವರ ಬಂದರೆ ರಜೆ, ನನಗೆ ಬಂದರೆ ಸ್ಕೂಲು ಎಂದು ಚಿಕ್ಕಮಾದಯ್ಯ ಮನಸ್ಸಿನಲ್ಲೇ ಅಂದುಕೊಂಡ. ಅಂದುಕೊಂಡದ್ದೇ ತಡ, ಹೊಟ್ಟೆಯ ಬುಡದಿಂದ ನಗು ಕುದಿದು ಮೇಲಕ್ಕೆ ಬಂತು. ತಡೆದರೂ ನಿಲ್ಲಲಿಲ್ಲ. ಗುದ್ದಲಿಯನ್ನು ಅಲ್ಲೇ ಬಿಸಾಕಿ ಕೊಟ್ಟಿಗೆಯ ಕಡೆ ಹೆಜ್ಜೆ ಹಾಕಿದ.

“ಲೇ, ಎಲ್ಲಿಗ್ಲಾ?” ಅಂತ ಕೆಂಪನಂಜಪ್ಪ ಕೂಗಿದ.

“ಸ್ಕೂಲ್ಗೆ ಬುದ್ದಿ,” ಅಂದ ಚಿಕ್ಕಮಾದಯ್ಯ, ತಿರುಗಿಯೂ ನೋಡದೆ.

ಕೊಟ್ಟಿಗೆಯ ಬಾಗಿಲಲ್ಲಿ ಕೆಂಪನಂಜಪ್ಪನ ಹೆಂಡತಿ ಚನ್ನಾಜಮ್ಮ ಕಾವಲು ಕೂತಿದ್ದಳು. ಹುಳ ಸಾಕುವುದೆಲ್ಲ ಅವಳ ಕೈಯಲ್ಲೇ ಇತ್ತು. ಅವಳು ಏಳುವಷ್ಟರಲ್ಲಿ ಚಿಕ್ಕಮಾದಯ್ಯ ಹೊಸಿಲು ದಾಟಿ ಒಳಗಿದ್ದ. ಕಿರುಚಲು ಬಾಯಿ ತೆರೆದವಳು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ಹುಳ ಜ್ವರಕ್ಕೆ ಕೂತಿದ್ದವಲ್ಲ.

ಒಳಗೆ ತಂಪಾಗಿತ್ತು. ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಅವನೇ ಬರೆದ ಅಕ್ಷರಗಳು ಇನ್ನೂ ಇದ್ದವು. ಮಕ್ಕಳು ಕೂರುತ್ತಿದ್ದ ಜಾಗದಲ್ಲಿ ತಟ್ಟೆಯ ಮೇಲೆ ತಟ್ಟೆ, ಪ್ರತಿಯೊಂದರಲ್ಲೂ ತಲೆ ಎತ್ತಿ ಕೂತ ಹುಳ. ಇಷ್ಟು ತೆಪ್ಪಗೆ ಕೂತ ಕ್ಲಾಸನ್ನು ಚಿಕ್ಕಮಾದಯ್ಯ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೂಲೆಗೆ ತಳ್ಳಿದ್ದ ತನ್ನ ಕುರ್ಚಿಯನ್ನು ಹುಡುಕಿ, ಕೂತು, ಕೈಗಳನ್ನು ತೊಡೆಯ ಮೇಲಿಟ್ಟು, ಅವನೂ ತಲೆ ಎತ್ತಿದ.

ಕೆಂಪನಂಜಪ್ಪ ಏದುಸಿರು ಬಿಡುತ್ತ ಓಡಿ ಬಂದ. ಬಾಗಿಲಲ್ಲೇ ಚನ್ನಾಜಮ್ಮ ಅವನ ಬಾಯಿಗೆ ಕೈ ಅಡ್ಡ ಇಟ್ಟು ಒಳಗೆ ಬಿಟ್ಟಳು. ಊರಿನ ಆ ತುದಿಗೆ ಕೇಳಿಸುವಂಥ ಬೈಗುಳಗಳೆಲ್ಲ ಅವನ ಗಂಟಲಿನಿಂದ ಗಾಳಿಯಾಗಿ ಹೊರಬಂದವು.

“ಎದ್ದೇಳೋ ಸೂಳೆಮಗನೆ,” ಅಂತ ಪಿಸುಗುಟ್ಟಿದ.

“ಆಗಕಿಲ್ಲ ಬುದ್ದಿ,” ಅಂತ ಚಿಕ್ಕಮಾದಯ್ಯನೂ ಪಿಸುಗುಟ್ಟಿದ. “ಜ್ವರಕ್ಕೆ ಕುಂತಿವ್ನಿ.”

“ಯಾವ್ ಜ್ವರವೋ?”

“ನಾಲ್ಕನೇದು.”

ಕೆಂಪನಂಜಪ್ಪ ಅವನ ರಟ್ಟೆಗೆ ಕೈ ಹಾಕಲು ಹೋದ. ಬೆರಳು ತಗಲುವಷ್ಟರಲ್ಲಿ ಮೈಲಿಗೆ ನೆನಪಾಗಿ ಕೈ ಹಿಂದಕ್ಕೆ ಬಂತು. ಆಳುಗಳನ್ನು ಕರೆಯೋಣವೆಂದರೆ ಆಳುಗಳೆಲ್ಲ ಅದೇ ಕೇರಿಯವರು. ಎಳೆದಾಡಿದರೆ ತಟ್ಟೆಗಳು ಉರುಳುತ್ತವೆ. ಅವನ ಮುಖ ಕೆಂಪಗಾಗಿ ಊದಿಕೊಳ್ಳುವುದನ್ನು ನೋಡುತ್ತ ಚಿಕ್ಕಮಾದಯ್ಯ ನಗು ತಡೆಯಲು ನಾಲಿಗೆ ಕಚ್ಚಿಕೊಂಡ. ಅಷ್ಟು ಸಂತೋಷ ಅವನಿಗೆ ಮೇಷ್ಟ್ರ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

“ಏನ್ಲಾ ಬೇಕು ನಿಂಗೆ?”

“ಟ್ರೈನಿಂಗ್ಗೆ ಓಯ್ತೀನಿ. ಗುಡ್ಲು ಮುಟ್ಬಾರ್ದು. ಉಳದ ಮ್ಯಾಲೆ ಆಣೆ ಇಡಿ.”

“ಇಟ್ಬುಡಿ ಅತ್ಲಾಗಿ,” ಅಂದಳು ಚನ್ನಾಜಮ್ಮ ಅಳುವ ಪಿಸುದನಿಯಲ್ಲಿ. “ಇಷ್ಟ್ ದಿನ ಮಕ್ಳಂಗೆ ಸಾಕಿವ್ನಿ ಕಣ್ರಿ.”

ಕೆಂಪನಂಜಪ್ಪ ತಟ್ಟೆಯ ಮೇಲೆ ಕೈ ಚಾಚಿ ತುಟಿ ಅಲ್ಲಾಡಿಸಿ ಆಣೆ ಇಟ್ಟ. ಚಿಕ್ಕಮಾದಯ್ಯ ಎದ್ದು, ಕುರ್ಚಿಯನ್ನು ಸದ್ದಾಗದಂತೆ ಮೂಲೆಗೆ ಸರಿಸಿ, ತುದಿಗಾಲಲ್ಲಿ ಹೊರಗೆ ಬಂದ.

ಹಿಂದೆಯೇ ಅಂಗಳಕ್ಕೆ ಬಂದ ಕೆಂಪನಂಜಪ್ಪನಿಗೆ ಹೋದ ದನಿ ತಿರುಗಿ ಬಂತು.

“ಪಿಸುಮಾತಲ್ಲಿ ಇಟ್ಟದ್ದು ಆಣೆ ಆಯ್ತದೇನ್ಲಾ, ನಾಯಿಗುಟ್ಟಿದವ್ನೆ? ಗಟ್ಟಿಯಾಗಿ ಆಡುದ್ದು ಮಾತು. ಈಗ ಕೇಳು ಗಟ್ಟಿಯಾಗಿ. ಬೆಳಕರಿಯೋ ಒತ್ಗೆ ತೋಟದಲ್ಲಿ ನೀನಿಲ್ದಿದ್ರೆ ಗುಡ್ಲು ಕೀಳುಸ್ತೀನಿ.”

ಕೆಂಪನಂಜಪ್ಪನ ಬೆನ್ನ ಹಿಂದೆ ಚನ್ನಾಜಮ್ಮ ಮೇಷ್ಟ್ರು ನಡೆದ ಜಾಗಕ್ಕೆಲ್ಲ ಗಂಜಲ ಚಿಮುಕಿಸುವುದು, ಕುರ್ಚಿಯನ್ನು ಎತ್ತಿ ತಿಪ್ಪೆಗೆ ಎಸೆಯುವುದು ಚಿಕ್ಕಮಾದಯ್ಯನಿಗೆ ಕಾಣಿಸಿತು. ಹೊಟ್ಟೆಯಲ್ಲಿದ್ದ ನಗುವೆಲ್ಲ ಒಂದೇ ಸಲ ಆರಿತು.

ಸಂಜೆ ಕೇರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಜನ ಬಿದ್ದು ಬಿದ್ದು ನಕ್ಕರು. ಕೆಂಪನಂಜಪ್ಪ ಪಿಸುಗುಟ್ಟುತ್ತ ಬೈದದ್ದನ್ನು ಅವನಿಂದ ಮತ್ತೆ ಮತ್ತೆ ಆಡಿಸಿ ನೋಡಿದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವನ ಅವ್ವ ಚಿಕ್ಕನಿಂಗಮ್ಮ. ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮಪ್ಪ ಜ್ವರದಲ್ಲೇ ಕಣ್ಲಾ ಸತ್ತದ್ದು,” ಅಂದಳು. “ಆವತ್ತೂ ಸೊಪ್ಪು ಕುಯ್ಯಕ್ಕೆ ಓಗಿದ್ದ. ನಮ್ ಕೇರಿಲಿ ಯಾರೂ ಜ್ವರಕ್ಕೆ ಅಂತ ಕುಂತದ್ದೇ ಇಲ್ಲ.”

ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಗುಡಿಸಲು ಸೇರಿದರು.

ಬೆಳಿಗ್ಗೆ ಚಿಕ್ಕಮಾದಯ್ಯ ಒಗೆದ ಅಂಗಿ ತೊಟ್ಟು, ರಾಗಿ ರೊಟ್ಟಿಯ ಗಂಟು ಹಿಡಿದು, ಗುಡಿಸಲಿನ ಗತಿ ಏನಾಗುವುದೋ ಎಂಬ ಅಳುಕಿನಲ್ಲೇ ಹೊರಗೆ ಬಂದು ಅಲ್ಲೇ ನಿಂತ. ಇಡೀ ಕೇರಿ ಅವನ ಗುಡಿಸಲಿನ ಸುತ್ತ ಕೂತಿತ್ತು. ಸೊಪ್ಪಿನ ಕುಕ್ಕೆಗಳು ಪಕ್ಕದಲ್ಲಿ ಬೋರಲು ಬಿದ್ದಿದ್ದವು. ಎಲ್ಲರ ಕೈಗಳೂ ತೊಡೆಯ ಮೇಲೆ, ಎಲ್ಲರ ತಲೆಯೂ ಮೇಲಕ್ಕೆ. ನಗು ಬಂದ ಹುಡುಗಿಯರು ಕೆನ್ನೆ ಉಬ್ಬಿಸಿಕೊಂಡು ತಡೆದಿದ್ದರು. ಎಲ್ಲರ ಮುಂದೆ ಅವ್ವ ಕೂತಿದ್ದಳು.

ಕೆಂಪನಂಜಪ್ಪ ಕೊಡೆಯಿಲ್ಲದೆ, ಕಾಲಿಗೆ ಮೆಟ್ಟಿಲ್ಲದೆ ಓಡಿ ಬಂದ. ಅವನು ಹೊಲಗೇರಿಗೆ ಕಾಲಿಟ್ಟದ್ದು ಅದೇ ಮೊದಲು.

“ಉಳ ಎದ್ದು ಬಾಯ್ ಬಾಯ್ ಬುಡ್ತಾವೆ, ಕುಂತಿದ್ದೀರೇನ್ರೋ ಮುಂಡೇವಾ? ಏಳ್ರೋ. ಕೀಳ್ರೋ ಆ ಗುಡ್ಲ.”

ಗುಡಿಸಲು ಕೀಳಬೇಕಾದ ಆಳುಗಳು ಅದರ ಮುಂದೆಯೇ ಕೂತಿದ್ದರು. ಒಬ್ಬರೂ ಕದಲಲಿಲ್ಲ. ಕೆಂಪನಂಜಪ್ಪ ಇನ್ನೊಂದು ಸಲ ಕೂಗಲು ಎದೆ ತುಂಬ ಉಸಿರೆಳೆದುಕೊಂಡ. ಚಿಕ್ಕನಿಂಗಮ್ಮ ತಲೆ ತಿರುಗಿಸದೆ ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲುಗ್ ಮಾತಾಡಿ ಬುದ್ದಿ,” ಅಂದಳು. “ಜ್ವರಕ್ಕೆ ಕುಂತೀವಿ.”

ಕೆಂಪನಂಜಪ್ಪನದು ಹುಳದ ಮನೆಯಲ್ಲೇ ಹುಟ್ಟಿ ಬೆಳೆದ ಜೀವ. ಜ್ವರ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ದನಿ ತನಗೆ ತಾನೇ ಇಳಿಯಿತು.

“ಯಾವಾಗ ಎದ್ದೇಳ್ತೀರಿ?” ಅಂತ ಪಿಸುಗುಟ್ಟಿದ.

ಊರೊಳಗಿನಿಂದ “ಸೊಪ್ಪು, ಸೊಪ್ಪು” ಅಂತ ಚನ್ನಾಜಮ್ಮ ಕೂಗುವುದು ಕೇಳುತ್ತಿತ್ತು. ಚಿಕ್ಕಮಾದಯ್ಯ ಕೂತವರ ನಡುವೆ ಜಾಗ ಮಾಡಿಕೊಂಡು, ಯಾರಿಗೂ ಕಾಲು ತಗಲದಂತೆ ತುದಿಗಾಲಲ್ಲಿ ನಡೆದು, ಟ್ರೈನಿಲ್ಲದ ಕೊಳ್ಳೇಗಾಲದ ದಾರಿ ಹಿಡಿದ.