ಬೋಜನ ಎಡಗಾಲಿನ ಹೆಬ್ಬೆರಳು

"ಕಟೀಲಮ್ಮನ ಆಣೆ ಗೋಪಿನಾಥರೇ, ಹೇಳುವ ಒಂದೊಂದು ಮಾತೂ ಸತ್ಯ. ಪೆಟ್ಟಿಗೆಯೊಳಗೆ ಇರುದು ನಮ್ಮ ಬೋಜ ಅಲ್ಲ," ಎಂದು ಬೋಜನ ರೂಮಿನ ಜೊತೆಗಾರ ದುಗ್ಗು ಶವಾಗಾರದ ಬಾಗಿಲಲ್ಲಿ ಎರಡೂ ಕೈ ಅಗಲಿಸಿ ನಿಂತ.

ಎದುರಿಗಿದ್ದವರು ಮೈಸೂರಿನ ಗೋಪಿನಾಥ್. ದೋಹಾದಲ್ಲಿ ಯಾವ ಕನ್ನಡಿಗ ಸತ್ತರೂ ಓಡಾಡಿ ಊರಿಗೆ ಕಳಿಸಿಕೊಡುವವರು ಅವರೇ. ಎಲ್ಲರ ಬಳಿಯೂ ಅವರ ನಂಬರ್ ಇತ್ತು. ಅವರಾಗಿ ಫೋನ್ ಮಾಡಿದರೆ ಮಾತ್ರ ಎತ್ತಲು ಎಲ್ಲರೂ ಹೆದರುತ್ತಿದ್ದರು.

"ದುಗ್ಗಣ್ಣ, ಸಂಜೆ ಫ್ಲೈಟು. ಇವತ್ತಾದ್ರೂ ಕತೆ ಬಿಡಬೇಡಿ ಕಣ್ರೀ."

"ಕತೆ ಅಲ್ಲ ಮಾರಾಯ್ರೆ. ಹೆಣಕ್ಕೆ ಬಟ್ಟೆ ಸುತ್ತುವಾಗ ನೋಡಿದೆ. ಎಡಗಾಲಲ್ಲಿ ಐದೂ ಬೆರಳು ಉಂಟು. ಬೋಜನಿಗೆ ಹೆಬ್ಬೆರಳು ಇರ್ಲಿಲ್ಲ."

ವ್ಯಾನಿಗೆ ಒರಗಿದ್ದ ಡ್ರೈವರ್ ರೋಶನ್ ಮುಖ ಆಚೆ ತಿರುಗಿಸಿದ. ಅಂಥ ಜಾಗದಲ್ಲಿ ನಗಬಾರದಲ್ಲ.

ದುಖಾನ್ ರಸ್ತೆಯಲ್ಲಿ ಕಂಪನಿಯ ಪಿಕಪ್ಪಿಗೆ ಬೆಂಕಿ ಹತ್ತಿ ಇಬ್ಬರು ಸತ್ತಿದ್ದರು, ಬೋಜ ಮತ್ತು ಒಬ್ಬ ನೇಪಾಳಿ. ಮುಖಗಳು ಉಳಿದಿರಲಿಲ್ಲ. ಸೇಫ್ಟಿ ಬೂಟಿನೊಳಗಿನ ಪಾದಗಳು ಮಾತ್ರ ಬೆಂದಿರಲಿಲ್ಲ. ಯಾರು ಯಾರೆಂದು ತೋರಿಸಿಕೊಟ್ಟಿದ್ದು ಸೂಪರ್‌ವೈಸರ್, ದೂರದಿಂದಲೇ, ಮೂಗು ಮುಚ್ಚಿಕೊಂಡು.

*

ಖತಾರಿಗೆ ಬರುವ ಮೊದಲು ಬೋಜ ಇಟಲಿಯಲ್ಲಿದ್ದ. ಒಂದು ಗುಡ್ಡದ ಮೇಲೆ ಒಂದೇ ಮನೆತನದವರು ಮುನ್ನೂರು ವರ್ಷದಿಂದ ನಡೆಸಿಕೊಂಡು ಬಂದ ದ್ರಾಕ್ಷಿ ತೋಟ. ಅವರ ಕೆಂಪು ವೈನ್ ಆ ಸೀಮೆಯ ಮಣ್ಣು ಬಿಟ್ಟು ಬೇರೆಲ್ಲೂ ಆಗುವುದಿಲ್ಲವಂತೆ. ಒಂದು ಕೊಯ್ಲಿನಲ್ಲಿ ದ್ರಾಕ್ಷಿ ಅರೆಯುವ ಯಂತ್ರಕ್ಕೆ ಬೋಜನ ಹೆಬ್ಬೆರಳು ಹೋಯಿತು. ಮನೆಯ ಮುದುಕಿ ನೆಲಮಾಳಿಗೆಯಿಂದ ಹಳೆಯ ಬಾಟಲಿ ತಂದು ಗಾಯದ ಮೇಲೆ ಸುರಿದಳು.

"ಕೂಗಿದ್ಯಾ?" ಎಂದು, ಬೋಜ ಇದನ್ನು ಹೇಳಿದಾಗ, ದುಗ್ಗು ಕೇಳಿದ್ದ.

"ಕೂಗಿದೆ. ನೋವಿಗಲ್ಲ. ಅಷ್ಟು ಒಳ್ಳೆ ವೈನ್ ಕಾಲಿಗೆ ಹೋಯ್ತಲ್ಲ ಅಂತ."

ಬೋಜನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ. ಉಳಿದದ್ದೆಲ್ಲ ಪೈಪು, ಪಾಳಿ, ಮಗಳ ಫೀಸು. ಶುಕ್ರವಾರ ಕ್ಯಾಂಪಿನ ರೂಮಿನಲ್ಲಿ ಗಾಜಿನ ಲೋಟಕ್ಕೆ ವಿಮ್ಟೋ ಶರಬತ್ತು ಸುರಿದು, ಟ್ಯೂಬ್‌ಲೈಟಿಗೆ ಹಿಡಿದು, ಮೂಸಿ, "ಈ ವರ್ಷ ಅಲ್ಲಿ ಮಳೆ ಜಾಸ್ತಿ ಆಗಿದೆ" ಎನ್ನುತ್ತಿದ್ದ.

ಇಷ್ಟು ಸತ್ಯ ಸಾಲದೆಂದು ದುಗ್ಗು ಒಗ್ಗರಣೆ ಹಾಕಿದ. ದೋಹಾ ಅಲ್ ಜದೀದಾ ಬಡಾವಣೆಯ ಚಹಾ ಅಂಗಡಿಯಲ್ಲಿ ಎಲ್ಲರೆದುರು ಹೇಳಿದ: ಬೆರಳು ಪೀಪಾಯಿಗೆ ಬಿತ್ತು, ಆ ವರ್ಷದ ವೈನಿಗೇ ಬಹುಮಾನ ಬಂತು, ಉಳಿದ ಒಂಬತ್ತನ್ನು ಕೊಡುತ್ತೀಯಾ ಎಂದು ಮುದುಕಿ ಈಗಲೂ ಫೋನ್ ಮಾಡುತ್ತಾಳೆ. ಬೋಜ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡ. ಶೂ ಬಿಚ್ಚು ನೋಡುವ ಎಂದವರಿಗೆ ದುಗ್ಗುವೇ ಉತ್ತರ ಕೊಟ್ಟ.

"ಈಗ ಎಂತ ತೋರಿಸುದು? ಆ ವೈನಿನ ಗುಣ ಅದು. ಸವರಿದ ಬಳ್ಳಿ ಚಿಗುರಿದ ಹಾಗೆ ಬೆರಳು ವಾಪಸ್ ಬಂತು."

*

ಫೋನ್ ಬಡಿದುಕೊಂಡಿತು. ಊರಿನಿಂದ ಬೋಜನ ಮಗಳು ಮೋಕ್ಷಾ.

"ಮಾಮ, ಅಪ್ಪ ಹೊರಟ್ರಾ? ಮುಖ ನೋಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿದ್ರು. ಕಾಲಿನದ್ದು ಮಾತ್ರ ಕಟ್ಟು ಬಿಚ್ಚಬಹುದಾ ಕೇಳಿ. ಒಮ್ಮೆ ಪಾದಕ್ಕೆ ಹಣೆ ಮುಟ್ಟಿಸ್ತೇನೆ."

"ಕೇಳ್ತೇನೆ ಮಗಾ," ಎಂದ ದುಗ್ಗು. ಒಗ್ಗರಣೆ ಹಾಕದೆ ಅಷ್ಟೇ ಹೇಳಿ ಫೋನ್ ಇಟ್ಟ. ಅವನ ಬಾಯಿಗೆ ಅದು ಹೊಸತು.

ಪೆಟ್ಟಿಗೆಯಲ್ಲಿಡಲು ತಂದಿದ್ದ ಬೋಜನ ಶೂವನ್ನು ಚೀಲದಿಂದ ಹೊರತೆಗೆದ. "ಇದು ನೋಡಿ. ತುದಿಗೆ ಹತ್ತಿ ತುರುಕಿದ್ದಾನೆ. ಬೆರಳಿದ್ದವ ಯಾಕೆ ಹತ್ತಿ ಹಾಕ್ತಾನೆ? ಆ ನೇಪಾಳಿಯ ಪೆಟ್ಟಿಗೆ ಒಮ್ಮೆ ತೆರೆಯಿರಿ. ಕಾಲು ಮಾತ್ರ."

"ಎರಡೂ ಸೀಲಾಗಿವೆ. ತೆಗೆದ್ರೆ ಕಾಗದಪತ್ರ ಎಲ್ಲಾ ಮತ್ತೆ ಮೊದಲಿಂದ. ಆ ಮಗು ಇನ್ನೂ ಎಷ್ಟು ದಿನ ಕಾಯ್ಬೇಕು?" ಗೋಪಿನಾಥರ ದನಿ ತಣ್ಣಗಿತ್ತು. "ಬೆರಳು ಚಿಗುರ್ತು ಅಂದೋರು ನೀವೇ ಅಲ್ವೇನ್ರೀ? ಚಿಗುರಿದೆ. ಖಲಾಸ್."

"ಅದು ಸುಳ್ಳು ಮಾರಾಯ್ರೆ! ಹೋದದ್ದು ಸತ್ಯ, ಬಂದದ್ದು ಸುಳ್ಳು!"

"ಯಾವುದು ಯಾವಾಗ ಅಂತ ನಮಗೆ ಹೇಗ್ರೀ ಗೊತ್ತಾಗ್ಬೇಕು? ರೋಶನ್, ಯಲ್ಲಾ, ಹೊರಡೋಣ."

ಪೆಟ್ಟಿಗೆಗಳು ಒಂದರ ಹಿಂದೊಂದು ಹೊರಬಂದವು. ಒಂದಕ್ಕೆ ಮಂಗಳೂರಿನ ಚೀಟಿ, ಇನ್ನೊಂದಕ್ಕೆ ಕಠ್ಮಂಡುವಿನದು. ದುಗ್ಗು ಗೋಪಿನಾಥರ ಬೆನ್ನಿಗೆ ಬಿದ್ದ.

"ಇದೊಂದು ಕೇಳಿ. ಆ ಮುದುಕಿ ಗಾಯಕ್ಕೆ ವೈನ್ ಸುರಿದಳಲ್ಲ, ಆಗ ಬೋಜ ಕೂಗಿದ್ದು ನೋವಿಗಲ್ಲ, ಅವ ಕೂಗಿದ್ದು ಯಾಕಂದ್ರೆ..."

ಗೋಪಿನಾಥ್ ಕಾರು ಹತ್ತಿ ಬಾಗಿಲು ಎಳೆದುಕೊಂಡರು. ಬಿಸಿಲಲ್ಲಿ ನಿಂತ ದುಗ್ಗುವಿನ ಕೈಯಲ್ಲಿ ಎಡಗಾಲಿನ ಶೂ. ಅದರ ತುದಿಯ ಹತ್ತಿ ವರ್ಷಗಟ್ಟಲೆ ಒತ್ತಿ ಒತ್ತಿ, ಒಂದು ಹೆಬ್ಬೆರಳಿನ ಆಕಾರಕ್ಕೇ ಬಂದಿತ್ತು.